ಚುಕ್ಕಾಣಿ ಭಾರವಾದಾಗ ತಪ್ಪು ಯಾವ ಹಾಯಿಯದು? ಪಶ್ಚಿಮ ಸೋಲೆಂಟ್‌ನಲ್ಲಿ ಒಂದು ಕಾಂಟೆಸ್ಸಾ 26ರ ಪ್ರಕರಣ

ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಸೋಲೆಂಟ್ ಜಲಸಂಧಿಯಿದೆ. ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ಅದರ ಪಶ್ಚಿಮ ಭಾಗದಲ್ಲಿ, ಕೌಸ್ ಊರಿನಿಂದ ಯಾರ್ಮತ್‌ವರೆಗಿನ ಸುಮಾರು 9 ನಾಟಿಕಲ್ ಮೈಲಿಯನ್ನು ಗಾಳಿಗೆದುರಾಗಿ ಕ್ರಮಿಸುತ್ತಿದ್ದಾಗ, ನಮ್ಮ ಹಾಯಿದೋಣಿಯ ಚುಕ್ಕಾಣಿ ಒಬ್ಬರು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿದು ಕೂರಲಾರದಷ್ಟು ಭಾರವಾಯಿತು. ಆ ಭಾರವನ್ನು ಇಳಿಸಲು ನಾವು ಮಾಡಿದ ಮೊದಲ ಕೆಲಸ ಅದನ್ನು ಇನ್ನಷ್ಟು ಹೆಚ್ಚಿಸಿತು. ಅದು ಏಕೆ ಹಾಗಾಯಿತು, ಆಮೇಲೆ ಯಾವ ಕ್ರಮದಲ್ಲಿ ಸರಿಹೋಯಿತು ಎಂಬುದನ್ನು, ಆ ದಿನ ದೋಣಿಯ ಪುಸ್ತಕದಲ್ಲಿ ಬರೆದಿಟ್ಟ ಅಳತೆಗಳ ಸಹಿತ ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಪದದ ಮಾತು. ಗಾಳಿಗೆದುರಾಗಿ ಹೋಗುವಾಗ ದೋಣಿಯ ಮೂತಿ ತಾನಾಗಿಯೇ ಗಾಳಿಯತ್ತ ತಿರುಗಲು ಹವಣಿಸುವುದನ್ನು ಹಾಯಿಗಾರರು ‘ವೆದರ್ ಹೆಲ್ಮ್’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ರೂಢಿಯ ಪದವೊಂದು ನನಗೆ ಸಿಕ್ಕಿಲ್ಲವಾದ್ದರಿಂದ ‘ಗಾಳಿಸೆಳೆತ’ ಎಂದು ಕರೆಯುತ್ತೇನೆ. ಚುಕ್ಕಾಣಿಗೆ ಜೋಡಿಸಿದ ಉದ್ದನೆಯ ಹಿಡಿಯನ್ನು, ಅಂದರೆ ಟಿಲ್ಲರನ್ನು, ಗಾಳಿ ಬರುವ ಬದಿಗೆ ಎಳೆದು ಹಿಡಿದರೆ ಮಾತ್ರ ದೋಣಿ ನೇರ ಸಾಗುತ್ತದೆ. ಈ ಸೆಳೆತ ಸ್ವಲ್ಪ ಇರಬೇಕು. ಚುಕ್ಕಾಣಿಯ ಹಲಗೆ ಮೂರರಿಂದ ಐದು ಡಿಗ್ರಿ ತಿರುಗಿದ್ದಾಗ ಅದೂ ಒಡಲಿನ ಅಡಿಯಲ್ಲಿ ನೀರಿಗಿಳಿದಿರುವ ಭಾರದ ಭಾಗವಾದ ಕೀಲ್‌ನ ಜೊತೆ ಸೇರಿ ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಜೊತೆಗೆ, ಕೈತಪ್ಪಿ ಟಿಲ್ಲರನ್ನು ಬಿಟ್ಟರೂ ದೋಣಿ ಗಾಳಿಗೆ ಮುಖ ಮಾಡಿ ನಿಧಾನವಾಗುತ್ತದೆಯೇ ಹೊರತು ಗಾಳಿಗೆ ಬೆನ್ನು ತಿರುಗಿಸಿ ಓಡುವುದಿಲ್ಲ. ಕೋನ ಹತ್ತು ಡಿಗ್ರಿ ದಾಟಿತೆಂದರೆ ಅದೇ ಹಲಗೆ ನೀರಿನಲ್ಲಿ ಹಾಕಿದ ಬ್ರೇಕ್ ಆಗುತ್ತದೆ.

ದೋಣಿ ಕಾಂಟೆಸ್ಸಾ 26. 1960ರ ದಶಕದಲ್ಲಿ ಡೇವಿಡ್ ಸ್ಯಾಡ್ಲರ್ ಅವರು ಸ್ಕ್ಯಾಂಡಿನೇವಿಯಾದ ಫೋಕ್‌ಬೋಟ್ ಮಾದರಿಯನ್ನು ಆಧಾರವಾಗಿಟ್ಟುಕೊಂಡು ವಿನ್ಯಾಸ ಮಾಡಿ, ಜೆರೆಮಿ ರಾಜರ್ಸ್ ಅವರ ಲಿಮಿಂಗ್ಟನ್ ಕಾರ್ಖಾನೆಯಲ್ಲಿ ಕಟ್ಟಿದ ದೋಣಿಯಿದು. ಆ ಲಿಮಿಂಗ್ಟನ್ ನಾವು ಹೊರಟಿದ್ದ ಯಾರ್ಮತ್‌ಗೆ ಎದುರು ದಡದಲ್ಲೇ ಇದೆ. ಒಟ್ಟು ಉದ್ದ ಸುಮಾರು 7.8 ಮೀಟರ್, ಅಗಲ 2.3 ಮೀಟರ್, ನೀರಿನೊಳಗಿನ ಆಳ 1.2 ಮೀಟರ್, ತೂಕ ಸುಮಾರು 2,450 ಕಿಲೋ. ಆ ತೂಕದಲ್ಲಿ 1,000 ಕಿಲೋಗಿಂತ ಹೆಚ್ಚು ಕೀಲ್‌ನ ಭಾರವೇ. ಈ ಪ್ರಕರಣಕ್ಕೆ ಸಂಬಂಧಿಸಿದ ಗುಣಗಳು ಮೂರು. ಒಂದನೆಯದಾಗಿ, ಇದರ ಕೀಲ್ ಉದ್ದನೆಯದು, ಚುಕ್ಕಾಣಿ ಆ ಕೀಲ್‌ನ ಹಿಂಬದಿಗೆ ಬಾಗಿಲಿನಂತೆ ತೂಗುಹಾಕಲ್ಪಟ್ಟಿದೆ. ತಿರುಗುವ ಅಕ್ಷದ ಮುಂದಕ್ಕೆ ಹಲಗೆಯ ಯಾವ ಭಾಗವೂ ಚಾಚಿಕೊಂಡಿಲ್ಲವಾದ್ದರಿಂದ ನೀರಿನ ಒತ್ತಡವೆಲ್ಲ ನೇರವಾಗಿ ಕೈಗೆ ಬರುತ್ತದೆ. ಎರಡನೆಯದಾಗಿ, ಫೋರ್‌ಸ್ಟೇ, ಅಂದರೆ ಮುಂದಿನ ಆಧಾರದ ತಂತಿ, ಕೂವೆಕಂಬದ ತುತ್ತತುದಿಗೆ ಕಟ್ಟಲ್ಪಟ್ಟಿದೆ. ಮೂರನೆಯದಾಗಿ, ದೋಣಿಯ ಅಗಲ ಕಿರಿದು. ಮೊದಲ ಇಪ್ಪತ್ತು ಡಿಗ್ರಿಯಷ್ಟು ಬೇಗ ವಾಲಿ, ಆಮೇಲೆ ಕೀಲ್‌ನ ಭಾರ ಹಿಡಿದುಕೊಂಡಂತೆ ಗಟ್ಟಿಯಾಗಿ ನಿಲ್ಲುತ್ತದೆ. ಹೀಗಾಗಿ ಮೂವತ್ತು ಡಿಗ್ರಿ ವಾಲಿದರೂ ಇದರಲ್ಲಿ ಭಯವಾಗುವುದಿಲ್ಲ, ಮೈಮರೆಸುವ ಗುಣವೂ ಅದೇ. ಅಗಲವಾದ ಹಗುರ ದೋಣಿಯಾಗಿದ್ದರೆ ಅಷ್ಟು ವಾಲುವ ಮೊದಲೇ ನಾವು ಹಾಯಿ ಕುಗ್ಗಿಸಿರುತ್ತಿದ್ದೆವು.

ದೋಣಿಯಲ್ಲಿ ಮೂವರಿದ್ದೆವು. ಸೌತಾಂಪ್ಟನ್ನಿನಲ್ಲಿ ಕೆಲಸ ಮಾಡುವ ನಾನು, ನನ್ನೊಡನೆ ಈ ದೋಣಿಯಲ್ಲಿ ಪಾಲು ಹೊಂದಿರುವ ಗೆಳೆಯ, ಮತ್ತು ನಲವತ್ತು ವರ್ಷ ಇದೇ ನೀರಿನಲ್ಲಿ ಹಾಯಿ ಹೂಡಿದ ಹಿರಿಯರೊಬ್ಬರು. ನಾನು ಕಲಿತದ್ದು ಹೊಸ ಬಗೆಯ ಹಗುರ ದೋಣಿಗಳಲ್ಲಿ. ಇದನ್ನು ಹೇಳಲು ಕಾರಣವಿದೆ, ಮುಂದೆ ಬರುತ್ತದೆ.

ಅಳತೆಯ ಬಗ್ಗೆ ಒಂದು ಮಾತು. ಟಿಲ್ಲರ್‌ನ ಉದ್ದ 1.2 ಮೀಟರ್. ಅದರ ತುದಿಯ ಕೆಳಗೆ, ಆಸನದ ಅಡ್ಡಹಲಗೆಯ ಮೇಲೆ, ನಡುಗೆರೆಯಿಂದ ಎರಡೂ ಬದಿಗೆ ಸೆಂಟಿಮೀಟರ್ ಗುರುತು ಮಾಡಿದ ಅಂಟುಪಟ್ಟಿಯನ್ನು ಬೇಸಿಗೆಯಲ್ಲೇ ಹಚ್ಚಿದ್ದೆವು. ತುದಿ 10 ಸೆಂಟಿಮೀಟರ್ ಸರಿದರೆ ಚುಕ್ಕಾಣಿ ಹೆಚ್ಚುಕಡಿಮೆ 5 ಡಿಗ್ರಿ ತಿರುಗಿದೆ ಎಂದರ್ಥ. ವಾಲುವಿಕೆಗೆ ಗಾಜಿನ ನಳಿಗೆಯಲ್ಲಿ ಗುಂಡು ಉರುಳುವ ಮಾಪಕ, ನೀರಿನಲ್ಲಿನ ವೇಗಕ್ಕೆ ಅಡಿಯಲ್ಲಿ ತಿರುಗುವ ಪುಟ್ಟ ಚಕ್ರದ ಲಾಗ್. ಜಿಪಿಎಸ್ ವೇಗವನ್ನು ಬೇಕೆಂದೇ ಬಿಟ್ಟೆವು, ಏಕೆಂದರೆ ಅದರಲ್ಲಿ ಪ್ರವಾಹದ ವೇಗವೂ ಸೇರಿಕೊಂಡು ಕೆಟ್ಟ ಹಾಯಿ ಕೂಡ ಒಳ್ಳೆಯದಾಗಿ ಕಾಣುತ್ತದೆ.

ಆ ಮಧ್ಯಾಹ್ನ

ನೈಋತ್ಯದ ಗಾಳಿ, ಪಶ್ಚಿಮಕ್ಕೆ ಹರಿಯುವ ನೀರು. ಪಶ್ಚಿಮ ಸೋಲೆಂಟ್‌ನಲ್ಲಿ ಹತ್ತಿರದ ಪೋರ್ಟ್ಸ್‌ಮತ್ ಬಂದರಿನಲ್ಲಿ ಉಬ್ಬರ ತುದಿ ಮುಟ್ಟುವುದಕ್ಕೆ ಸುಮಾರು ಒಂದು ಗಂಟೆ ಮೊದಲೇ ಹರಿವು ಪಶ್ಚಿಮಕ್ಕೆ ತಿರುಗುತ್ತದೆ. ಆ ಹರಿವನ್ನು ಹಿಡಿದರೆ ಯಾರ್ಮತ್ ಹತ್ತಿರ, ತಪ್ಪಿಸಿಕೊಂಡರೆ ದೂರ. ಆದರೆ ನೀರು ಗಾಳಿಗೆದುರಾಗಿ ಹರಿಯುವಾಗ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತವೆ. ನಮ್ಮಂಥ ಪುಟ್ಟ ದೋಣಿ ಒಂದನ್ನು ಹತ್ತಿ ಇಳಿಯುವಷ್ಟರಲ್ಲಿ ಮುಂದಿನದು ಮೂತಿಗೆ ಬಡಿದಿರುತ್ತದೆ.

ಕೌಸ್ ಬಿಟ್ಟಾಗ ದೋಣಿಯ ಮೇಲೆ ಬೀಸುತ್ತಿದ್ದ ಗಾಳಿ 16 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ). ಕಂಬದ ಹಿಂದಿನ ಮುಖ್ಯ ಹಾಯಿ (‘ದೊಡ್ಡ ಹಾಯಿ’ ಎಂದು ಕರೆಯುವುದು ಇದನ್ನೇ) ಪೂರ್ತಿ, ಮುಂದಿನ ಜೆನೋವಾ ಹಾಯಿ ಪೂರ್ತಿ. ಟಿಲ್ಲರ್ 15 ಸೆಂಟಿಮೀಟರ್ ಗಾಳಿಬದಿಗಿತ್ತು. ಆಗಲೇ ಸ್ವಲ್ಪ ಜಾಸ್ತಿಯೇ ಎಂದು ಗೆಳೆಯ ಹೇಳಿದ್ದ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಜಿಪ್ಟ್ ಪಾಯಿಂಟ್ ಕಳೆದು ಗರ್ನಾರ್ಡ್ ದಾಟುವಾಗ ಗಾಳಿ 20ರಿಂದ 23ಕ್ಕೆ ಏರಿತು. ವಾಲು 30 ಡಿಗ್ರಿ, ಟಿಲ್ಲರ್ 24 ಸೆಂಟಿಮೀಟರ್, ವೇಗ 4.8 ನಾಟ್. ಗಾಳಿ ಜೋರಾಗಿ ಬೀಸಿದಾಗಲೆಲ್ಲ ಟಿಲ್ಲರನ್ನು ಎರಡೂ ಕೈಯಲ್ಲಿ ಎಳೆದರೂ ದೋಣಿ ಮಾತು ಕೇಳದೆ ಗಾಳಿಗೆ ಮುಖ ಮಾಡಿ ನಿಲ್ಲುತ್ತಿತ್ತು.

ಹಾಯಿ ಜಾಸ್ತಿಯಾಯಿತು ಎಂಬುದರಲ್ಲಿ ಮೂವರಿಗೂ ಒಮ್ಮತವಿತ್ತು. ನಾನು ಜೆನೋವಾದ ಸುರುಳಿಹಗ್ಗವನ್ನು ಎಳೆದು ಅದನ್ನು ಮೂರನೇ ಒಂದು ಪಾಲು ಸುತ್ತಿದೆ. ಹಾಗೆ ಮಾಡಿದ್ದಕ್ಕೆ ಎರಡು ಕಾರಣಗಳಿದ್ದವು. ತೋರಿಕೆಯ ಕಾರಣವೆಂದರೆ, ಫೋರ್‌ಸ್ಟೇ ಕಂಬದ ತುದಿಯವರೆಗೂ ಹೋಗುವ ದೋಣಿಗಳಲ್ಲಿ ಮುಂಹಾಯಿಯೇ ದೊಡ್ಡದು, ಆದ್ದರಿಂದ ಮೊದಲು ಅದನ್ನೇ ಕುಗ್ಗಿಸಬೇಕು ಎಂಬ ಪ್ರಸಿದ್ಧ ನಿಯಮ. ನಿಜವಾದ ಕಾರಣವೆಂದರೆ, ಆ ಹಗ್ಗ ನಾನು ಕುಳಿತಲ್ಲಿಗೇ ಬರುತ್ತದೆ, ದೊಡ್ಡ ಹಾಯಿಯನ್ನು ಮಡಚಲು ಎದ್ದು ಕಂಬದ ಬುಡಕ್ಕೆ ಹೋಗಬೇಕು.

ವಾಲು 30ರಿಂದ 27ಕ್ಕೆ ಇಳಿಯಿತು. ಟಿಲ್ಲರ್ 24ರಿಂದ 29 ಸೆಂಟಿಮೀಟರಿಗೆ ಏರಿತು, ಎಂದರೆ ಸುಮಾರು 14 ಡಿಗ್ರಿ. ವೇಗ 4.4ಕ್ಕೆ ಬಿತ್ತು. ಹಿಂದೆ ತಿರುಗಿ ನೋಡಿದರೆ ಚುಕ್ಕಾಣಿಯ ಬೆನ್ನಲ್ಲಿ ನೀರು ಹರಿಯುತ್ತಿರಲಿಲ್ಲ, ಕುದಿಯುತ್ತಿತ್ತು.

ಏಕೆ ಹಾಗಾಯಿತು

ಗಾಳಿಪಟಕ್ಕೆ ಸೂತ್ರ ಕಟ್ಟಿದವರಿಗೆ ಇದರ ಅರ್ಧ ಗೊತ್ತಿದೆ. ಸೂತ್ರದ ಗಂಟು ಅರ್ಧ ಬೆರಳಿನಷ್ಟು ಮೇಲೆಕೆಳಗಾದರೆ ಪಟ ತಲೆಕೆಳಗಾಗಿ ಗಿರಕಿ ಹೊಡೆಯುತ್ತದೆ, ಏಕೆಂದರೆ ಗಾಳಿ ತಳ್ಳುವ ಜಾಗಕ್ಕೂ ದಾರ ಹಿಡಿದ ಜಾಗಕ್ಕೂ ಹೊಂದಿಕೆ ತಪ್ಪಿರುತ್ತದೆ. ದೋಣಿಯಲ್ಲಿ ಗಾಳಿ ತಳ್ಳುವ ಜಾಗ ಎರಡು ಹಾಯಿಗಳ ಒಟ್ಟು ಒತ್ತಡದ ಕೇಂದ್ರ, ಹಿಡಿದುಕೊಳ್ಳುವ ಜಾಗ ನೀರಿನೊಳಗಿನ ಕೀಲ್ ಮತ್ತು ಒಡಲಿನ ಪಕ್ಕದ ಪ್ರತಿರೋಧದ ಕೇಂದ್ರ. ಮೊದಲನೆಯದು ಎರಡನೆಯದಕ್ಕಿಂತ ಹಿಂದೆ ಸರಿದಷ್ಟೂ ದೋಣಿಯ ಹಿಂಬದಿ ಗಾಳಿಮರೆಯ ಕಡೆಗೆ, ಅಂದರೆ ಗಾಳಿ ಹೋಗುವ ಬದಿಗೆ, ತಳ್ಳಲ್ಪಟ್ಟು ಮೂತಿ ಗಾಳಿಯತ್ತ ತಿರುಗುತ್ತದೆ. ಮುಂಹಾಯಿಯನ್ನು ಮಾತ್ರ ಕುಗ್ಗಿಸಿ ಹಿಂದಿನ ಹಾಯಿಯನ್ನು ಪೂರ್ತಿ ಬಿಟ್ಟಾಗ ನಾನು ಮಾಡಿದ್ದು ಅದನ್ನೇ. ಒಟ್ಟು ಬಲ ತಗ್ಗಿತು, ಆದರೆ ಉಳಿದ ಬಲ ಹಿಂದಕ್ಕೆ ಹೋಯಿತು.

ಉಳಿದರ್ಧ ಗಾಳಿಪಟದಲ್ಲಿಲ್ಲ, ಅದು ವಾಲುವಿಕೆಯದು. ದೋಣಿ ನೆಟ್ಟಗಿದ್ದಾಗ ಹಾಯಿ ಮುಂದಕ್ಕೆಳೆಯುವ ಬಲವೂ ನೀರು ಹಿಂದಕ್ಕೆಳೆಯುವ ಬಲವೂ ಬಹುಮಟ್ಟಿಗೆ ಒಂದೇ ಗೆರೆಯಲ್ಲಿರುತ್ತವೆ. ವಾಲಿದಾಗ ಹಾಯಿ ದೋಣಿಯ ಬದಿಯಾಚೆಗೆ, ನೀರಿನ ಮೇಲೆ ಚಾಚಿಕೊಳ್ಳುತ್ತದೆ, ಎಳೆತವೂ ಅಲ್ಲಿಂದಲೇ ಬರುತ್ತದೆ. ನಮ್ಮ ದೋಣಿಯಲ್ಲಿ ಎರಡು ಕೇಂದ್ರಗಳ ನಡುವಿನ ಎತ್ತರ ಸುಮಾರು 4.5 ಮೀಟರ್ ಎಂದು ಹಿಡಿದರೆ, 30 ಡಿಗ್ರಿ ವಾಲಿದಾಗ ಎಳೆತದ ಗೆರೆ ಪಕ್ಕಕ್ಕೆ 2.25 ಮೀಟರ್ ಸರಿದಿರುತ್ತದೆ. ಅದು ಹೆಚ್ಚುಕಡಿಮೆ ದೋಣಿಯ ಇಡೀ ಅಗಲ. ಜೋಡೆತ್ತಿನ ಗಾಡಿಯಲ್ಲಿ ಒಂದೇ ಎತ್ತು, ಅದೂ ನೊಗದ ಹೊರತುದಿಯಲ್ಲಿ ನಿಂತು ಎಳೆದಂತೆ. ವಾಲು 18 ಡಿಗ್ರಿಗೆ ಇಳಿದರೆ ಅದೇ ದೂರ 1.4 ಮೀಟರಾಗುತ್ತದೆ. ಇದರ ಮೇಲೆ, ವಾಲಿದ ಒಡಲಿನ ನೀರಿನೊಳಗಿನ ಆಕಾರ ಎರಡೂ ಬದಿಗೆ ಸಮನಾಗಿರುವುದಿಲ್ಲ, ಆ ಅಸಮತೆಯೂ ಮೂತಿಯನ್ನು ಗಾಳಿಯತ್ತಲೇ ತಿರುಗಿಸುತ್ತದೆ.

ಹಾಗಾದರೆ ಮುಂಹಾಯಿಯನ್ನು ಮೊದಲು ಕುಗ್ಗಿಸಬೇಕೆಂಬ ನಿಯಮ ಸುಳ್ಳೇ? ಸುಳ್ಳಲ್ಲ. ಅದು ದೊಡ್ಡ ಹಾಯಿ ಒಳ್ಳೆಯ ಸ್ಥಿತಿಯಲ್ಲಿದ್ದು, ಅದನ್ನು ಬೇಕಾದಂತೆ ಚಪ್ಪಟೆ ಮಾಡಲು ಸಾಧ್ಯವಿರುವ ದೋಣಿಗೆ ಹೇಳಿದ ಮಾತು. ನಮ್ಮದು ಹಳೆಯ ಡೇಕ್ರಾನ್ ಬಟ್ಟೆ. ದೊಡ್ಡ ಹಾಯಿಯ ಕೆಳಅಂಚಿನ ಅಡ್ಡಕಂಬದ, ಅಂದರೆ ಬೂಮ್‌ನ, ಕೆಳಗೆ ಮಲಗಿ ಫೋನಿನಿಂದ ಮೇಲಕ್ಕೆ ತೆಗೆದ ಚಿತ್ರದಲ್ಲಿ ಹಾಯಿಯ ಹೊಟ್ಟೆ ಇರಬೇಕಾದುದಕ್ಕಿಂತ ಆಳವಾಗಿ, ಅಡ್ಡಗಲದ ಅರ್ಧ ದಾಟಿ ಹಿಂದಕ್ಕೆ ಸರಿದಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಹಿಂದಿನ ಅಂಚು ಗಾಳಿಬದಿಗೆ ಕೊಕ್ಕೆಯಂತೆ ಬಾಗಿತ್ತು. ಅಂಥ ಹಾಯಿ ಮುಂದಕ್ಕೆ ಎಳೆಯುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ತಳ್ಳುತ್ತದೆ, ಅದೂ ದೋಣಿಯ ಹಿಂಭಾಗದಲ್ಲಿ. ಅದು ಎರಡನೆಯ ಚುಕ್ಕಾಣಿಯ ಹಾಗೆ ಕೆಲಸ ಮಾಡುತ್ತಿತ್ತು, ಕೈಯಲ್ಲಿದ್ದ ಚುಕ್ಕಾಣಿ ಅದರೊಡನೆ ಜಗಳವಾಡುತ್ತಿತ್ತು.

ಇಲ್ಲಿ ನನ್ನ ತರಬೇತಿಯ ಮಾತು ಬರುತ್ತದೆ. ದೋಣಿಯ ಮೇಲೆ ನಾನು ಹೂಡಿದ ವಾದ ಎರಡು. ಬ್ಯಾಕ್‌ಸ್ಟೇಯನ್ನು, ಅಂದರೆ ಹಿಂದಿನ ತಂತಿಯನ್ನು, ಬಿಗಿದರೆ ಹಾಯಿ ಚಪ್ಪಟೆಯಾಗುತ್ತದೆ ಎಂಬುದು ಮೊದಲನೆಯದು. ಫೋರ್‌ಸ್ಟೇ ಕಂಬದ ತುದಿಗಿಂತ ಕೆಳಗೆ ಕಟ್ಟಿರುವ ದೋಣಿಗಳಲ್ಲಿ ಅದು ನಿಜ, ಅಲ್ಲಿ ಬ್ಯಾಕ್‌ಸ್ಟೇ ಎಳೆದರೆ ಕಂಬ ಬಿಲ್ಲಿನಂತೆ ಬಾಗಿ ದೊಡ್ಡ ಹಾಯಿಯ ಹೊಟ್ಟೆಯನ್ನು ಎಳೆದುಕೊಳ್ಳುತ್ತದೆ. ನಮ್ಮ ದೋಣಿಯಲ್ಲಿ ಎರಡೂ ತಂತಿ ತುದಿಯಲ್ಲೇ ಸೇರುವುದರಿಂದ ಬ್ಯಾಕ್‌ಸ್ಟೇ ಬಿಗಿದರೆ ಫೋರ್‌ಸ್ಟೇ ಬಿಗಿಯಾಗುತ್ತದೆ, ಜೆನೋವಾ ಸುಧಾರಿಸುತ್ತದೆ, ದೊಡ್ಡ ಹಾಯಿಗೆ ಹೆಚ್ಚೇನೂ ಆಗುವುದಿಲ್ಲ. ಎರಡನೆಯ ವಾದ, ಕೂವೆಕಂಬ ಹಿಂದಕ್ಕೆ ಹೆಚ್ಚು ಓರೆಯಾಗಿದೆ, ದಡ ಸೇರಿದ ಮೇಲೆ ಅದನ್ನು ಮುಂದಕ್ಕೆ ನೆಟ್ಟಗೆ ಮಾಡಬೇಕು ಎಂಬುದು. ಹಿರಿಯರು ಅದಕ್ಕೆ ಉತ್ತರ ಕೊಡಲಿಲ್ಲ. ‘ಮೊದಲು ಟ್ರಾವೆಲರ್ ಇಳಿಸು’ ಎಂದರು.

ಸರಿಪಡಿಸಿದ ಕ್ರಮ

ಟ್ರಾವೆಲರ್ ಎಂದರೆ ದೊಡ್ಡ ಹಾಯಿಯ ಹಗ್ಗದ ಬುಡ ಅಡ್ಡಡ್ಡ ಜಾರುವ ಹಳಿ. ಹಿಂದಿನ ಮಾಲೀಕರು ಹಾಕಿಸಿದ್ದ ನಮ್ಮ ಹಳಿ ಗಿಡ್ಡದ್ದು. ಅದನ್ನು ಗಾಳಿಮರೆಯ ಕೊನೆಯವರೆಗೂ ಇಳಿಸಿದಾಗ ಹಾಯಿಯ ಆಕಾರ ಕೆಡದೆ ಇಡೀ ಬೂಮ್ ಹೊರಕ್ಕೆ ಹೋಯಿತು, ಟಿಲ್ಲರ್ 22ಕ್ಕೆ ಇಳಿಯಿತು. ಇನ್ನೂ ಇಳಿಸೋಣವೆಂದು ಹಗ್ಗವನ್ನೇ, ಅಂದರೆ ಶೀಟನ್ನು, ಸಡಿಲಿಸಿದರೆ ಹಾಯಿಯ ಮುಂಭಾಗ ಪಟಪಟ ಬಡಿಯತೊಡಗಿತು. ಜೆನೋವಾದಿಂದ ತಿರುಗಿ ಬಂದ ಗಾಳಿ ಅದರ ಬೆನ್ನಿಗೆ ಬೀಳುತ್ತಿತ್ತು. ಹಾಯಿ ಬಡಿಯುತ್ತಿರುವಾಗ ಎಳೆತವಿಲ್ಲ, ತೊಡಕು ಮಾತ್ರ ಇದೆ. ಸರಿಪಡಿಸುವ ಕೆಲಸ ಹಗ್ಗಗಳಿಂದ ಮುಗಿಯುವುದಿಲ್ಲ, ಬಟ್ಟೆಯನ್ನೇ ಕಡಿಮೆ ಮಾಡಬೇಕು ಎಂದು ಅಲ್ಲಿಗೆ ಖಚಿತವಾಯಿತು.

ಥಾರ್ನೆಸ್ ಕೊಲ್ಲಿಯ ಎದುರು ಜೆನೋವಾವನ್ನು ಗಾಳಿಬದಿಗೆ ಎಳೆದು ತಿರುವುಮುರುವಾಗಿ ನಿಲ್ಲಿಸಿ, ಟಿಲ್ಲರನ್ನು ಗಾಳಿಮರೆಯ ಬದಿಗೆ ಕಟ್ಟಿದೆವು. ಉದ್ದ ಕೀಲ್‌ನ ದೋಣಿಗಳ ದೊಡ್ಡ ಗುಣವಿದು. ಇಷ್ಟು ಮಾಡಿದರೆ ಅವು ಹಸುವಿನಂತೆ ಸುಮ್ಮನೆ ನಿಲ್ಲುತ್ತವೆ. ಐದಾರು ನಿಮಿಷದಲ್ಲಿ ದೊಡ್ಡ ಹಾಯಿಗೆ ಮೊದಲ ರೀಫ್ ಕಟ್ಟಿ, ಅಂದರೆ ಅದರ ಕೆಳಭಾಗವನ್ನು ಒಂದು ಹಂತ ಮಡಚಿ, ಅದನ್ನು ಮೇಲೆಳೆಯುವ ಹಾಲ್ಯಾರ್ಡ್ ಹಗ್ಗವನ್ನು ಮುಂದಿನ ಅಂಚಿನಲ್ಲಿ ಉದ್ದುದ್ದ ಗೆರೆ ಕಾಣುವಷ್ಟು ಬಿಗಿದೆವು. ಹೊಟ್ಟೆಯನ್ನು ಮುಂದಕ್ಕೆ ತರುವ ಉಪಾಯ ಇದೊಂದೇ ನಮ್ಮಲ್ಲಿದ್ದದ್ದು. ಕೆಳಗಿನ ಅಂಚನ್ನು ರೀಫ್ ಹಗ್ಗದಿಂದಲೇ ಹಿಂದಕ್ಕೆ ಜಗ್ಗಿ ಚಪ್ಪಟೆ ಮಾಡಿದೆವು. ಈಗ ಬೂಮ್ ಕೂಡ ಗಿಡ್ಡವಾದ ಹಾಗೆ. ಹಿಂದೆ ಇದ್ದ ಬಟ್ಟೆಯೇ ಹೋಗಿತ್ತು.

ಆಮೇಲೆ ಮಾಡಿದ ಕೆಲಸ ಗೆಳೆಯನಿಗೆ ತಲೆಕೆಳಗು ಅನಿಸಿತು. ಸುತ್ತಿದ್ದ ಜೆನೋವಾದಲ್ಲಿ ಸ್ವಲ್ಪವನ್ನು ಬಿಚ್ಚಿದೆವು. ಜೊತೆಗೆ ಅದರ ಹಗ್ಗ ಹಾದುಬರುವ, ಹಳಿಯ ಮೇಲೆ ಸರಿಯುವ ಕೊಂಡಿಯಾದ ಕಾರ್‌ ಅನ್ನು ಎರಡು ತೂತಿನಷ್ಟು ಮುಂದಕ್ಕೆ ಸರಿಸಿದೆವು. ಮುಂಹಾಯಿಯನ್ನು ಸುತ್ತಿದಾಗ ಅದರ ಹಿಂದಿನ ಮೂಲೆ ಮುಂದಕ್ಕೂ ಮೇಲಕ್ಕೂ ಹೋಗುತ್ತದೆ. ಕಾರ್ ಅಲ್ಲೇ ಉಳಿದರೆ ಹಗ್ಗ ಕೆಳಗಿನ ಅಂಚನ್ನಷ್ಟೇ ಬಿಗಿದು ಹಿಂದಿನ ಅಂಚಿನ ಮೇಲ್ಭಾಗವನ್ನು ಸಡಿಲ ಬಿಡುತ್ತದೆ. ಗರ್ನಾರ್ಡ್‌ನಲ್ಲಿ ನಾನು ಸುತ್ತಿದಾಗ ಕಾರ್ ಮುಟ್ಟಿರಲಿಲ್ಲ. ಆದ್ದರಿಂದ ಮುಂಹಾಯಿ ಅಳತೆಯಲ್ಲಿ ಕುಗ್ಗಿದ್ದು ಮಾತ್ರವಲ್ಲ, ಉಳಿದ ಬಟ್ಟೆಯಲ್ಲೂ ಮೇಲಿನ ಅರ್ಧ ಕೆಲಸ ನಿಲ್ಲಿಸಿತ್ತು. ಚುಕ್ಕಾಣಿ ಅಷ್ಟು ಕೆಟ್ಟದಾಗಿ ಏರಿದ್ದಕ್ಕೆ ಇದೂ ಒಂದು ಪಾಲು. ಕಾರ್ ಮುಂದೆ ಬಂದ ಮೇಲೆ ಹಾಯಿಯ ಮೇಲೆ ಗಾಳಿಯ ಹರಿವನ್ನು ತೋರಿಸುವ ಗಾಳಿಬದಿಯ ಉಣ್ಣೆದಾರದ ಟೆಲ್‌ಟೇಲ್‌ಗಳು ಮೇಲಿನಿಂದ ಕೆಳಗಿನವರೆಗೂ ಒಟ್ಟಿಗೇ ಏಳುತ್ತಿದ್ದವು, ಒಟ್ಟಿಗೇ ಮಲಗುತ್ತಿದ್ದವು.

ಜೆನೋವಾವನ್ನು ಪೂರ್ತಿ ಚಪ್ಪಟೆ ಮಾಡಲಿಲ್ಲ ಎಂಬುದನ್ನು ಹೇಳಬೇಕು. ಗಾಳಿಯ ದೃಷ್ಟಿಯಿಂದ ಚಪ್ಪಟೆ ಸರಿ, ಆದರೆ ಆ ಕಡಿದಾದ ಅಲೆಗಳನ್ನು ನೂಕಿಕೊಂಡು ಹೋಗಲು ಮುಂಹಾಯಿಗೆ ಸ್ವಲ್ಪ ಹೊಟ್ಟೆ ಬೇಕು. ಇಲ್ಲವಾದರೆ ಪ್ರತಿ ಅಲೆಗೂ ದೋಣಿ ನಿಂತು ನಿಂತು ಹೊರಡುತ್ತದೆ, ನಿಂತ ದೋಣಿಯ ಕೀಲ್ ಕೆಲಸ ಮಾಡುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ದೊಡ್ಡ ಹಾಯಿ ಚಪ್ಪಟೆ, ಮುಂಹಾಯಿ ತುಸು ತುಂಬಿಕೊಂಡದ್ದು, ಮೂತಿ ಗಾಳಿಗೆ ತೀರ ಅಂಟಿಕೊಳ್ಳದೆ ಮೂರ್ನಾಲ್ಕು ಡಿಗ್ರಿ ಸಡಿಲ. ಇದು ಆ ದಿನದ ಆ ನೀರಿಗೆ ಸರಿಯಾದ ಹೊಂದಿಕೆ. ನಿಶ್ಚಲ ನೀರಿನಲ್ಲಿ ಅದೇ ಗಾಳಿಯಿದ್ದರೆ ಜೆನೋವಾವನ್ನೂ ಬಿಗಿಯುತ್ತಿದ್ದೆವು.

ಫಲಿತಾಂಶ: ಗಾಳಿ ಅದೇ 20ರಿಂದ 23, ವಾಲು 18ರಿಂದ 20, ಟಿಲ್ಲರ್ 8 ಸೆಂಟಿಮೀಟರ್, ವೇಗ 5.1 ನಾಟ್. 21 ಅಡಿ ನೀರ್ಗೆರೆಯ ಒಡಲಿಗೆ ಸೈದ್ಧಾಂತಿಕ ಮಿತಿ 6 ನಾಟ್‌ಗಿಂತ ತುಸು ಮೇಲಿರುವಾಗ, ಗಾಳಿಗೂ ಅಲೆಗೂ ಎದುರಾಗಿ 5.1 ಕಡಿಮೆಯೇನಲ್ಲ. ಗಾಳಿಗೆದುರಾಗಿ ಅಂಕುಡೊಂಕಾಗಿ ಸಾಗುವಾಗ ದಿಕ್ಸೂಚಿಯಲ್ಲಿ ಒಂದು ಬದಿಯ ಓಟಕ್ಕೂ ಇನ್ನೊಂದು ಬದಿಯ ಓಟಕ್ಕೂ ನಡುವಿನ ಕೋನ 105 ಡಿಗ್ರಿಯಿಂದ 95ಕ್ಕೆ ಇಳಿದಿತ್ತು. ಲೆಕ್ಕ ಹಾಕಿದರೆ ನೇರ ಗಾಳಿಯತ್ತ ಸಾಗುವ ವೇಗ 2.7ರಿಂದ 3.4 ನಾಟ್‌ಗೆ ಏರಿತು. ಪಕ್ಕಕ್ಕೆ ಜಾರಿದ್ದನ್ನು ಈ ಲೆಕ್ಕದಲ್ಲಿ ಕಳೆದಿಲ್ಲ. ಕಳೆದರೆ ಎರಡೂ ಅಂಕಿಗಳು ಇಳಿಯುತ್ತವೆ, ಹೆಚ್ಚು ಇಳಿಯುವುದು ಮೊದಲನೆಯದು. ಬಟ್ಟೆ ಕಡಿಮೆ ಮಾಡಿ ವೇಗ ಹೆಚ್ಚಿತು ಎಂಬುದನ್ನು ಗೆಳೆಯ ಲಾಗ್‌ನ ಪರದೆಯನ್ನು ಬೆರಳಿನಿಂದ ತಟ್ಟಿ ನೋಡಿ ಒಪ್ಪಿಕೊಂಡ.

ಗಾಳಿಯೇ ಇಳಿದಿರಬಹುದಲ್ಲ ಎಂಬ ಅನುಮಾನಕ್ಕೆ ನ್ಯೂಟೌನ್ ನದಿಯ ಬಾಯಿ ಕಳೆದ ಮೇಲೆ ಒಂದು ಪರೀಕ್ಷೆ ಮಾಡಿದೆವು. ರೀಫ್ ಹಾಗೇ ಇಟ್ಟು, ಟ್ರಾವೆಲರನ್ನು ಮಾತ್ರ ಗಾಳಿಬದಿಗೆ ಎಳೆದು ಹಗ್ಗ ಬಿಗಿದು ಐದು ನಿಮಿಷ ಓಡಿಸಿದೆವು. ಟಿಲ್ಲರ್ 8ರಿಂದ 17ಕ್ಕೆ ಹೋಯಿತು, ವೇಗ 4.8ಕ್ಕೆ ಬಿತ್ತು. ಮತ್ತೆ ಇಳಿಸಿದಾಗ ಎರಡೂ ಮೊದಲಿನ ಜಾಗಕ್ಕೆ ಬಂದವು. ಆಮೇಲೆ ಜೋರು ಗಾಳಿ ಬಂದಾಗಲೆಲ್ಲ ಒಬ್ಬರು ಶೀಟನ್ನು ಒಂದು ಗೇಣು ಬಿಟ್ಟು, ಗಾಳಿ ತಗ್ಗಿದ ಮೇಲೆ ಎಳೆದುಕೊಳ್ಳುವುದಷ್ಟೇ ಕೆಲಸ. ಶೀಟ್ ಬಿಟ್ಟಾಗ ಬೂಮ್ ಸ್ವಲ್ಪ ಮೇಲೆದ್ದು ಹಾಯಿಯ ತಲೆ ತಿರುಚಿಕೊಂಡು ಗಾಳಿಯನ್ನು ಚೆಲ್ಲುತ್ತದೆ. ಹೆಚ್ಚು ವಾಲಿಸುವುದು ಆ ತಲೆಯ ಭಾಗವೇ ಆದ್ದರಿಂದ ಅದು ಮೊದಲು ಸಡಿಲವಾಗುವುದು ಒಳ್ಳೆಯದು. ಇದಕ್ಕಾಗಿ ಬೂಮನ್ನು ಕೆಳಗೆ ಹಿಡಿಯುವ ಕಿಕರ್ ಹಗ್ಗವನ್ನು ನಾವು ಬಿಗಿಯದೆ ಬಿಟ್ಟಿದ್ದೆವು.

ಕಂಬದ ಓರೆಯ ಪ್ರಶ್ನೆ

ಮರುದಿನ ಭಾನುವಾರ ಹಿಂದಿರುಗುವಾಗ ಗಾಳಿ 6 ನಾಟ್, ಅದೂ ಪೂರ್ವದಿಂದ. ಹಾಗಾಗಿ ಮತ್ತೆ ಎದುರುಗಾಳಿಯೇ, ಆದರೆ ಸಮತಟ್ಟಾದ ನೀರು. ಪೂರ್ತಿ ಹಾಯಿಯಲ್ಲಿ, 5 ಡಿಗ್ರಿಯೂ ವಾಲದೆ ಸಾಗುತ್ತಿದ್ದಾಗ ಟಿಲ್ಲರ್ ನಡುಗೆರೆಯಿಂದ 2 ಸೆಂಟಿಮೀಟರ್ ದೂರದಲ್ಲಿತ್ತು, ಕೆಲವೊಮ್ಮೆ ನಡುವಿನಲ್ಲೇ. ನನ್ನ ಎರಡನೆಯ ವಾದಕ್ಕೆ ಇದೇ ಉತ್ತರ. ಕಂಬ ಹಿಂದಕ್ಕೆ ಅತಿಯಾಗಿ ವಾಲಿದ್ದರೆ ಗಾಳಿಸೆಳೆತ ಮಂದ ಗಾಳಿಯಲ್ಲೂ ಕಾಣಬೇಕಿತ್ತು. ನಾನು ಹೇಳಿದಂತೆ ಕಂಬವನ್ನು ಮುಂದಕ್ಕೆ ಎಳೆದಿದ್ದರೆ ಜೋರು ಗಾಳಿಯಲ್ಲಿ ಚುಕ್ಕಾಣಿ ತುಸು ಹಗುರವಾಗಿ, ಇಂಥ ಮಂದ ಗಾಳಿಯಲ್ಲಿ ಮೂತಿ ಗಾಳಿಮರೆಗೆ ತಿರುಗುವ ದೋಣಿಯೊಂದು ನಮ್ಮ ಪಾಲಿಗೆ ಬರುತ್ತಿತ್ತು. ಗಾಳಿಗೆದುರು ಓಡಿಸಲು ಅಂಥ ದೋಣಿಗಿಂತ ತ್ರಾಸದಾಯಕವಾದುದಿಲ್ಲ. ಮಂದ ಗಾಳಿಯಲ್ಲಿ ಸಮವಾಗಿದ್ದು ಗಾಳಿ ಏರಿದಂತೆ ಮಾತ್ರ ಸೆಳೆಯುವ ದೋಣಿಯಲ್ಲಿ ಹುಡುಕಬೇಕಾದದ್ದು ವಾಲುವಿಕೆಯನ್ನು ಮತ್ತು ಹಿಗ್ಗಿದ ಬಟ್ಟೆಯನ್ನು. ಕಂಬದ ತಿರುಪುಗಳನ್ನು ಮುಟ್ಟಲಿಲ್ಲ.

ಚಕ್ರದಿಂದ ತಿರುಗಿಸುವ, ಸಮತೋಲಿತ ಚುಕ್ಕಾಣಿಯ ದೊಡ್ಡ ದೋಣಿಯಾಗಿದ್ದರೆ ನಮಗೆ ಇದು ಇಷ್ಟು ಬೇಗ ತಿಳಿಯುತ್ತಿತ್ತೇ ಎಂಬ ಸಂಶಯ ನನಗಿದೆ. ಅವುಗಳಲ್ಲಿ ಹಲಗೆಯ ಒಂದು ಭಾಗ ಅಕ್ಷದ ಮುಂದಿರುವುದರಿಂದ ನೀರೇ ತಿರುಗಿಸಲು ಸಹಾಯ ಮಾಡುತ್ತದೆ, ಕೈಗೆ ಭಾರ ಕಡಿಮೆ, ಹಲಗೆ ಮಾತ್ರ ಅಷ್ಟೇ ಕೋನದಲ್ಲಿ ನೀರನ್ನು ಉಳುತ್ತಿರುತ್ತದೆ. ಅಂಥ ದೋಣಿಯಲ್ಲಿ ಚುಕ್ಕಾಣಿ ನೇರವಾಗಿರುವಾಗ ಚಕ್ರದ ಮೇಲಕ್ಕೆ ಬರುವ ಕಡ್ಡಿಗೆ ಬಣ್ಣದ ಪಟ್ಟಿ ಸುತ್ತಿ, ಅದು ಎಲ್ಲಿದೆ ಎಂದು ಆಗಾಗ ನೋಡಬೇಕು. ಕೈಯ ಅಳತೆಯನ್ನು ನಂಬಬಾರದು.

ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ರೀಫ್ ಕಟ್ಟಿದ ಮೇಲೆ ಬಲಬದಿಯಿಂದ ಗಾಳಿ ಬರುವ ಓಟದಲ್ಲಿ ಟಿಲ್ಲರ್ 8 ಸೆಂಟಿಮೀಟರಿನಲ್ಲಿದ್ದರೆ ಎಡಬದಿಯ ಓಟದಲ್ಲಿ 11ರಲ್ಲಿತ್ತು, ವಾಲು ಎರಡರಲ್ಲೂ ಒಂದೇ. ಅಂಟುಪಟ್ಟಿಯ ನಡುಗೆರೆ ತಪ್ಪಿರಬಹುದು, ಕಂಬ ಒಂದು ಬದಿಗೆ ಸ್ವಲ್ಪ ಬಾಗಿರಬಹುದು, ಚುಕ್ಕಾಣಿಯ ಹಲಗೆಯೇ ತಿರುಚಿಕೊಂಡಿರಬಹುದು. ಚಳಿಗಾಲದಲ್ಲಿ ದೋಣಿಯನ್ನು ನೀರಿನಿಂದ ಮೇಲೆತ್ತಿದಾಗ ಕಂಬದ ತುದಿಯಿಂದ ಎರಡೂ ಬದಿಯ ತಂತಿಬುಡಗಳಿಗೆ ಉಕ್ಕಿನ ಅಳತೆಪಟ್ಟಿ ಹಿಡಿದು ನೋಡುವುದು ಮೊದಲ ಕೆಲಸ.